ವಿಜಾಪುರಕ್ಕೆ ಸಾಲಿ ತಂದ ವಕೀಲರು: ಫ.ಗು. ಹಳಕಟ್ಟಿ ಅವರ ಬದುಕು

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವು ಅಂತ ಗುರುತಿಸಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಆ ಪಟ್ಟಿಯಲ್ಲಿದ್ದವು. ಈ ಊರುಗಳ ಸಂತೆ, ಬಜಾರದಲ್ಲಿ ಕೂತವರಿಗೆ ಅದೇನು ಹೊಸ ಸುದ್ದಿ ಅನ್ನಿಸಲಿಲ್ಲ. ಸಮಿತಿ ಬರುವುದಕ್ಕೆ 90 ವರ್ಷ ಮೊದಲೇ, ಕಂಪ್ಯೂಟರ್ ಇಲ್ಲ, ಸೂಚ್ಯಂಕ ಇಲ್ಲ, ಬರೀ ಕಣ್ಣಿನಿಂದ ನೋಡಿಯೇ ಇದನ್ನು ಅರ್ಥ ಮಾಡಿಕೊಂಡಿದ್ದ ಒಬ್ಬ ವಕೀಲರು ವಿಜಾಪುರದಲ್ಲಿದ್ದರು. ಅವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ.

ವಚನ ಪಿತಾಮಹ ಅಂತ ಅವರ ಹೆಸರು ಎಲ್ಲರಿಗೂ ಗೊತ್ತು. ಜುಲೈ 2 ಬಂದರೆ ಕಚೇರಿ, ಸಾಲಿಗಳಲ್ಲಿ ಫೋಟೋ ಇಟ್ಟು ಪೂಜೆ ಮಾಡುತ್ತಾರೆ, ವಚನ ಹೇಳುತ್ತಾರೆ, ಪೇಢೆ ಹಂಚುತ್ತಾರೆ. ಆದರೆ ಅವರು ತಾಡೋಲೆ ಹುಡುಕಿದ್ದರ ಜೊತೆಗೇ ಮಾಡಿದ ಇನ್ನೊಂದು ಕೆಲಸದ ಮಾತು ಆ ದಿನ ಅಷ್ಟಾಗಿ ಬರುವುದಿಲ್ಲ. ಈ ಭಾಗದ ಮಗು ಓದಬೇಕಾದರೆ ಯಾಕೆ ಊರು ಬಿಟ್ಟು, ಜಿಲ್ಲೆ ಬಿಟ್ಟು, ಕಡೆಗೆ ಭಾಷೆಯನ್ನೂ ಬಿಟ್ಟು ಹೋಗಬೇಕು ಅನ್ನೋ ಪ್ರಶ್ನೆಗೆ ಅವರು ಉತ್ತರ ಹುಡುಕಲು ಹೊರಟಿದ್ದರು.

ಹುಟ್ಟಿದ ಊರಿನ ಲಾಭ

ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪ ಸಾಲಿ ಮಾಸ್ತರರು, ಬರಹಗಾರರು ಕೂಡ. ತಾಯಿ ದಾನಮ್ಮ. ಹುಡುಗ ಚಿಕ್ಕವನಿದ್ದಾಗಲೇ ತಾಯಿ ತೀರಿಕೊಂಡರು, ಅಜ್ಜಿಯ ಮಡಿಲಲ್ಲಿ ಬೆಳೆಯಬೇಕಾಯಿತು. ಮನೆಯಲ್ಲಿ ದುಡ್ಡು ಹೆಚ್ಚಿರಲಿಲ್ಲ. ಪುಸ್ತಕ ಇದ್ದವು.

ಧಾರವಾಡದಲ್ಲಿ ಹುಟ್ಟಿದ್ದು ಸಣ್ಣ ಮಾತಲ್ಲ. ಆಗ ಈ ಭಾಗವೆಲ್ಲ ಮುಂಬಯಿ ಪ್ರಾಂತದಲ್ಲಿತ್ತು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ, ಈ ನಾಲ್ಕು ಕನ್ನಡ ಜಿಲ್ಲೆಗಳಲ್ಲಿ ವಿದ್ಯೆಯ ವಿಷಯಕ್ಕೆ ಧಾರವಾಡಕ್ಕೇ ಮೊದಲ ಮಣೆ. ಡೆಪ್ಯೂಟಿ ಚೆನ್ನಬಸಪ್ಪನವರು ಮರಾಠಿ ಸಾಲಿಗಳ ಜಾಗದಲ್ಲಿ ಕನ್ನಡ ಸಾಲಿ ತರಲು ಹೋರಾಡಿದ್ದು ಅಲ್ಲಿಂದ. ಲಿಂಗಾಯತ ವಿದ್ಯಾರ್ಥಿಗಳಿಗೆ ನೆರವು ಕೊಡುವ ವಿದ್ಯಾಭಿವೃದ್ಧಿ ಸಂಸ್ಥೆ 1883ರಲ್ಲಿ ಹುಟ್ಟಿದ್ದು ಅಲ್ಲಿ. ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಶುರುವಾಗಿದ್ದೂ ಅಲ್ಲಿಯೇ. ಮಾಸ್ತರರ ಮಗ ಮನೆಯಿಂದ ನಡೆದುಕೊಂಡು ಹೈಸ್ಕೂಲಿಗೆ ಹೋಗಬಹುದಾದ ಊರು ಅದು. ಹಳಕಟ್ಟಿ 1896ರಲ್ಲಿ ಮೆಟ್ರಿಕ್ ಪಾಸಾದರು. ಅದೇ ಹೊತ್ತಿಗೆ ಸಿಂದಗಿಯಲ್ಲೋ ಮುದ್ದೇಬಿಹಾಳದಲ್ಲೋ ಅಷ್ಟೇ ಚುರುಕಾದ ಹುಡುಗನೊಬ್ಬ ಇದ್ದಿದ್ದರೆ ಅವನ ಓದು ಎಲ್ಲಿಗೆ ನಿಲ್ಲುತ್ತಿತ್ತು?

ಬಹುತೇಕ ಮುಲ್ಕಿ ಪರೀಕ್ಷೆಗೆ. ಆ ಕಾಲದ ಕನ್ನಡ ಸಾಲಿ ಮುಗಿಯುವುದು ಮುಲ್ಕಿಯಲ್ಲಿ. ಅದು ಪಾಸಾದರೆ ಊರ ಸಾಲಿಯ ಮಾಸ್ತರಿಕೆ, ಇಲ್ಲವೇ ಕಚೇರಿಯ ಸಣ್ಣ ಕಾರಕೂನಿಕೆ. ಮುಂದೆ ಓದಬೇಕು ಅಂದರೆ ಇಂಗ್ಲಿಷ್ ಸಾಲಿ ಇರುವ ಊರಿಗೆ ಹೋಗಬೇಕು, ಬಾಡಿಗೆ ಖೋಲಿ ಹಿಡಿಯಬೇಕು, ಕೈಯಾರೆ ಅಡುಗೆ ಮಾಡಿಕೊಳ್ಳಬೇಕು ಅಥವಾ ವಾರಾನ್ನ ಉಣ್ಣಬೇಕು. ಮೆಟ್ರಿಕ್ ಆದ ಮೇಲಂತೂ ಈ ನಾಲ್ಕೂ ಜಿಲ್ಲೆಗಳಲ್ಲಿ ಒಂದೇ ಒಂದು ಸರ್ಕಾರಿ ಕಲಾ ಕಾಲೇಜು ಇರಲಿಲ್ಲ. ಪುಣೆ, ಇಲ್ಲವೇ ಮುಂಬಯಿ. ಅತ್ತ ಮೈಸೂರು ಸಂಸ್ಥಾನದ ಹುಡುಗನಿಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜು ಸಿಗುತ್ತಿದ್ದವು. ಇತ್ತ ಭೀಮಾ ದಂಡೆಯ ಹುಡುಗ ಮರಾಠಿ ಮಾತಾಡುವ ಊರಿಗೆ ಹೋಗಿ ಇಂಗ್ಲಿಷಿನಲ್ಲಿ ಓದಬೇಕಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದಿದ್ದು 1917ರಲ್ಲಿ. ಮುಂಬಯಿ ವಿಶ್ವವಿದ್ಯಾಲಯ ಶುರುವಾಗಿ ಆಗಲೇ 60 ವರ್ಷ ಕಳೆದಿತ್ತು.

ಹಳಕಟ್ಟಿಯವರೂ ಹಾಗೇ ಮುಂಬಯಿಗೆ ಹೋದರು. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿ 1901ರಲ್ಲಿ ಬಿ.ಎ., ಆಮೇಲೆ 1904ರಲ್ಲಿ ಎಲ್‌ಎಲ್.ಬಿ. ಮುಂಬಯಿಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಗುಜರಾತಿಗಳು, ಮರಾಠಿಗರು ತಮ್ಮ ತಮ್ಮ ಭಾಷೆಯಲ್ಲಿ ಪತ್ರಿಕೆ, ಸಾಲಿ, ಸಂಘ, ಬ್ಯಾಂಕು ಕಟ್ಟಿಕೊಂಡ ರೀತಿ. ಅದರ ಪಕ್ಕದಲ್ಲಿ ಕನ್ನಡ ಜಿಲ್ಲೆಗಳ ಸ್ಥಿತಿ ಇಟ್ಟು ನೋಡಿದಾಗ ಅವರಿಗೆ ಸಮಾಧಾನವಾಗಲಿಲ್ಲ. ಆ ದಿನಗಳ ಒಡನಾಡಿ ಆಲೂರು ವೆಂಕಟರಾಯರು. ಇಬ್ಬರ ಜೀವನದಲ್ಲಿ ಒಂದು ತಮಾಷೆ ಇದೆ. ಇಬ್ಬರೂ ಹುಟ್ಟಿದ್ದು 1880ರ ಜುಲೈ ತಿಂಗಳಲ್ಲಿ, ನಡುವೆ ಹತ್ತೇ ದಿನದ ಅಂತರ. ಆಲೂರರು ಹುಟ್ಟಿದ್ದು ವಿಜಾಪುರದಲ್ಲಿ, ಹೆಸರು ಮಾಡಿದ್ದು ಧಾರವಾಡದಲ್ಲಿ. ಹಳಕಟ್ಟಿಯವರು ಹುಟ್ಟಿದ್ದು ಧಾರವಾಡದಲ್ಲಿ, ಬದುಕು ಸವೆಸಿದ್ದು ವಿಜಾಪುರದಲ್ಲಿ. ಓದಿದವರೆಲ್ಲ ಧಾರವಾಡದ ಕಡೆ ಮುಖ ಮಾಡುತ್ತಿದ್ದ ಕಾಲದಲ್ಲಿ ಇವರು ಎದುರು ದಿಕ್ಕಿನ ಗಾಡಿ ಹತ್ತಿದರು.

ಬರದ ಜಿಲ್ಲೆಗೆ ಬಂದ ವಕೀಲ

ಬೆಳಗಾವಿಯಲ್ಲಿ ಸ್ವಲ್ಪ ದಿನ ವಕೀಲಿ ಮಾಡಿ, 1904ರಲ್ಲಿ ಹಳಕಟ್ಟಿ ವಿಜಾಪುರಕ್ಕೆ ಬಂದರು. ಆಗಿನ ವಿಜಾಪುರ ಜಿಲ್ಲೆ ಅಂದರೆ ಬಾಗಲಕೋಟೆ, ಬಾದಾಮಿ, ಹುನಗುಂದವೂ ಸೇರಿದ ದೊಡ್ಡ ಸೀಮೆ. ಜಿಲ್ಲಾ ಕಚೇರಿ ಕಲಾದಗಿಯಿಂದ ವಿಜಾಪುರಕ್ಕೆ ಬಂದು ಇಪ್ಪತ್ತು ವರ್ಷ ಆಗಿತ್ತಷ್ಟೆ. ಆದಿಲಶಾಹಿ ಕಾಲದ ಗುಮ್ಮಟ, ಮಸೀದಿ, ಮಹಲುಗಳ ನಡುವೆ ಒಂದು ಸಣ್ಣ ಪೇಟೆ. ಹೋಟಗಿಯಿಂದ ಗದಗಿಗೆ ಹೋಗುವ ರೈಲು 1884ರ ಸುಮಾರಿಗೆ ಬಂದಿತ್ತು. ಆ ಹಳಿ ಇಂಡಿ ರೋಡ್, ವಿಜಾಪುರ, ಬಾಗೇವಾಡಿ ರೋಡ್, ಆಲಮಟ್ಟಿ ಹಿಡಿದು ಬಾಗಲಕೋಟೆ ಕಡೆ ಹೋಗುತ್ತದೆ. ಸಿಂದಗಿ, ಮುದ್ದೇಬಿಹಾಳದವರು ರೈಲು ನೋಡಬೇಕಾದರೂ ಚಕ್ಕಡಿ ಹೂಡಬೇಕಿತ್ತು. ಹಳಿ ಇಲ್ಲದ ಕಡೆ ಪೇಟೆ ಬೆಳೆಯಲಿಲ್ಲ, ಪೇಟೆ ಬೆಳೆಯದ ಕಡೆ ಇಂಗ್ಲಿಷ್ ಸಾಲಿ ಬೇಗ ಬರಲಿಲ್ಲ. ಇದು ವ್ಯಾಪಾರ ಮಾಡುವವರಿಗೆ ಬಿಡಿಸಿ ಹೇಳಬೇಕಾದ ಲೆಕ್ಕ ಅಲ್ಲ.

ಅದರ ಮೇಲೆ ಬರ. 1876ರಿಂದ 78ರ ಬರಗಾಲದಲ್ಲಿ ಈ ಜಿಲ್ಲೆ ತನ್ನ ಜನಸಂಖ್ಯೆಯಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು ಕಳೆದುಕೊಂಡಿತ್ತು. ಕೆಲವರು ಸತ್ತರು, ಕೆಲವರು ಊರು ಬಿಟ್ಟರು. ಹಳಕಟ್ಟಿ ಬಂದಾಗ ಅದನ್ನು ಕಂಡುಂಡ ಮುದುಕರು ಇನ್ನೂ ಬದುಕಿದ್ದರು. ಡೋಣಿ ಹರಿದ ವರ್ಷ ಜೋಳ, ಹರಿಯದ ವರ್ಷ ಗುಳೆ. ಗುಳೆ ಹೋಗುವ ಮನೆಯ ಮಗುವನ್ನು ಸಾಲಿ ಹಾಜರಿ ಪುಸ್ತಕ ಎಷ್ಟು ದಿನ ಹಿಡಿದಿಟ್ಟುಕೊಳ್ಳುತ್ತದೆ? ಫೀಸು ಇಲ್ಲದ ಸಾಲಿ ಕೊಟ್ಟರೂ ಹೊಟ್ಟೆಯ ಪ್ರಶ್ನೆ ಹಾಗೇ ಉಳಿಯುತ್ತದೆ ಅನ್ನೋದು ಆ ವಕೀಲರಿಗೆ ಬೇಗ ತಿಳಿಯಿತು. ಅವರು ಮುಂದೆ ಸಾಲಿ ಕಟ್ಟಿದ್ದರ ಜೊತೆ ಬ್ಯಾಂಕು ಕಟ್ಟಿದ್ದು, ಒಕ್ಕಲುತನ ಮತ್ತು ನೇಕಾರಿಕೆಯ ಸಂಘಗಳಿಗೆ ದುಡಿದದ್ದು ಯಾಕೆ ಅನ್ನೋದು ಇಲ್ಲಿಂದ ನೋಡಿದರೆ ಸರಿಯಾಗಿ ಅರ್ಥ ಆಗುತ್ತದೆ.

ವಕೀಲಿ ಚೆನ್ನಾಗಿಯೇ ನಡೆಯಿತು. ಸರ್ಕಾರಿ ವಕೀಲರೂ ಆದರು. ನಾಲ್ಕೂ ತಾಲ್ಲೂಕುಗಳ ರೈತರು ಹೊಲದ ಗಡಿ, ಸಾಲದ ಕಾಗದ, ದತ್ತಕದ ತಕರಾರು ಹಿಡಿದು ಜಿಲ್ಲಾ ಕೋರ್ಟಿಗೆ ಬರುತ್ತಿದ್ದ ಕಾಲ ಅದು. ತಮ್ಮದೇ ಹೊಲದ ಕಾಗದ ಓದಲು ಬಾರದೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರು ಯಾವ ಜಿಲ್ಲಾ ಕೋರ್ಟಿನ ವಕೀಲನಿಗೂ ಅಪರಿಚಿತರಾಗಿರಲಿಲ್ಲ.

1910: ಸಂಸ್ಥೆ ಹುಟ್ಟಿತು

ವಿಜಾಪುರಕ್ಕೆ ಬಂದ ಆರು ವರ್ಷದಲ್ಲಿ, 1910ರಲ್ಲಿ, ಹಳಕಟ್ಟಿಯವರ ಮುಂದಾಳತ್ವದಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾಸಂಸ್ಥೆ ಶುರುವಾಯಿತು. ಈಗ ಎಲ್ಲರ ಬಾಯಲ್ಲಿ ಬಿ.ಎಲ್.ಡಿ.ಇ. ಅಂತಲೇ ಇರುವುದು ಅದೇ. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ ಹುಟ್ಟಿದ್ದು 1916ರಲ್ಲಿ, ಅಂದರೆ ಇದಕ್ಕಿಂತ ಆರು ವರ್ಷ ತಡವಾಗಿ. ಬರದ ಜಿಲ್ಲೆ ಒಂದು ವಿಷಯದಲ್ಲಿ ಮುಂದಿತ್ತು ಅನ್ನೋದಕ್ಕೆ ಇದೊಂದು ಉದಾಹರಣೆ, ಇಂಥವು ಬಹಳ ಸಿಗುವುದಿಲ್ಲ.

ಆಗಿನ ಸರ್ಕಾರದ ಧೋರಣೆ ಏನಿತ್ತು ಅನ್ನೋದನ್ನೂ ಇಲ್ಲಿ ನೆನೆಯಬೇಕು. ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಬೇಕು ಅಂತ ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಮಸೂದೆ ತಂದರು. ಮರು ವರ್ಷ ಅದು ಬಿದ್ದುಹೋಯಿತು. ಸಾಲಿ ಬೇಕಾದವರು ತಾವೇ ಕಟ್ಟಿಕೊಳ್ಳಬೇಕು, ಆಮೇಲೆ ಸರ್ಕಾರ ಅನುದಾನ ಕೊಟ್ಟರೆ ಕೊಟ್ಟೀತು, ಇದೇ ರೂಢಿ. ಹೀಗಾದಾಗ ಶ್ರೀಮಂತ ಊರಿಗೆ ಬೇಗ ಸಾಲಿ ಬರುತ್ತದೆ, ಬಡ ಊರಿಗೆ ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಒಂದೇ ದೇಶ, ಒಂದೇ ಪ್ರಾಂತ, ಒಂದೇ ಕಾನೂನು ಇದ್ದರೂ ಪುಣೆಗೂ ಮುದ್ದೇಬಿಹಾಳಕ್ಕೂ ನಡುವೆ ಅಷ್ಟೊಂದು ಅಂತರ ಬಿದ್ದಿದ್ದು ಹುಡುಗರ ತಲೆಯಿಂದಲ್ಲ, ಈ ಪದ್ಧತಿಯಿಂದ.

ಸಂಸ್ಥೆ ಕಟ್ಟಿದ ಎರಡೇ ವರ್ಷಕ್ಕೆ, 1912ರಲ್ಲಿ, ಹಳಕಟ್ಟಿಯವರು ಸಿದ್ಧೇಶ್ವರ ಸಹಕಾರಿ ಬ್ಯಾಂಕ್ ಶುರು ಮಾಡಿದರು. ವಿಜಯಪುರದಲ್ಲಿ ಅದು ಈಗಲೂ ಇದೆ. ಸಾವಕಾರನ ಬಡ್ಡಿಗೆ ಸಿಕ್ಕ ಮನೆಯಿಂದ ಮಗು ಹೈಸ್ಕೂಲಿಗೆ ಬರುವುದಿಲ್ಲ, ಅಂಗಡಿಯ ಚಿಲ್ಲರೆ ವ್ಯಾಪಾರಿಗೂ ನಂಬಿಕೆಯ ಸಾಲ ಬೇಕು. ಒಂದು ಕೈಯಲ್ಲಿ ಸಾಲಿ, ಇನ್ನೊಂದು ಕೈಯಲ್ಲಿ ಸಾಲ. ಅವರು ಮುಂಬಯಿಯಲ್ಲಿ ನೋಡಿ ಬಂದಿದ್ದನ್ನು ವಿಜಾಪುರದ ಅಳತೆಗೆ ಹೊಲಿಸಿದ ಹಾಗಿತ್ತು.

ಸಂಸ್ಥೆಯ ಹೆಸರಿನಲ್ಲಿರುವ ಲಿಂಗಾಯತ ಅನ್ನೋ ಶಬ್ದದ ಬಗ್ಗೆ ಆಗಲೂ ಈಗಲೂ ಚರ್ಚೆ ಇದ್ದೇ ಇದೆ. ಆ ಕಾಲದಲ್ಲಿ ಒಂದೊಂದು ಸಮಾಜವೂ ತನ್ನವರಿಗಾಗಿ ಸಂಸ್ಥೆ ಕಟ್ಟುತ್ತಿತ್ತು, ಸಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನೇ ವಿದ್ಯೆಗೆ ಬಿಟ್ಟು ಹೋಗಿದ್ದು ಕೂಡ ಅದೇ ಹೊತ್ತಿನ ಮಾತು. ಹೊಲ, ಮಠ, ಅಂಗಡಿ ಇದ್ದ ಸಮಾಜಗಳಿಗೆ ಈ ದಾರಿ ಸಾಧ್ಯವಾಯಿತು. ಏನೂ ಇಲ್ಲದವರ ಕೇರಿಗೆ ಈ ದಾರಿ ಬರಲಿಲ್ಲ. ವಿಜಾಪುರದಲ್ಲಿ ದಲಿತ ಮಕ್ಕಳಿಗೆ ವಸತಿ, ಓದು ಅಂತ ದುಡಿಯಲು ಕಾಕಾ ಕಾರಖಾನೀಸರಂಥವರು ಬೇರೆಯಾಗಿಯೇ ಟೊಂಕ ಕಟ್ಟಬೇಕಾಯಿತು. ಹಳಕಟ್ಟಿಯವರನ್ನು ಹೊಗಳುವಾಗ ಇದನ್ನು ಮರೆಮಾಚಬೇಕಿಲ್ಲ. ಅವರ ಕೆಲಸದ ಬೆಲೆ ಅದರಿಂದ ಕಡಿಮೆಯೂ ಆಗುವುದಿಲ್ಲ.

ತಾಡೋಲೆ, ಮನೆ, ಅಚ್ಚಿನ ಮೊಳೆ

ಈ ಎಲ್ಲದರ ನಡುವೆ ಇನ್ನೊಂದು ಹುಚ್ಚು ಹಿಡಿದಿತ್ತು. ವಕೀಲಿಯ ಆರಂಭದ ದಿನಗಳಲ್ಲೇ ರಬಕವಿ, ಬನಹಟ್ಟಿ ಕಡೆಯ ಮನೆಗಳಲ್ಲಿ ಅವರಿಗೆ ವಚನಗಳ ತಾಡೋಲೆ ಕಟ್ಟುಗಳು ಕಂಡವು. ಜಗುಲಿಯ ಮೇಲಿಟ್ಟು ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದರೇ ಹೊರತು ಬಿಚ್ಚಿ ಓದುವವರಿರಲಿಲ್ಲ. ಕೆಲವು ಹುಳ ಹಿಡಿದಿದ್ದವು. ಅಲ್ಲಿಂದ ಶುರುವಾದ ಅಲೆದಾಟ ವರ್ಷಗಟ್ಟಲೆ ನಡೆಯಿತು. ಮಠ, ಮನೆ, ಅಟ್ಟ, ಹಗೇವಿನ ಮೂಲೆ ಹುಡುಕಿ ಸಾವಿರಕ್ಕೂ ಹೆಚ್ಚು ಕಟ್ಟು ಕೂಡಿಸಿದರು. ಕೋರ್ಟು ಮುಗಿಸಿ ಬಂದು ದೀಪದ ಬೆಳಕಿನಲ್ಲಿ ಒಂದೊಂದೇ ಗರಿ ಬಿಡಿಸಿ ನಕಲು ಮಾಡುವುದು, ಪಾಠ ಹೋಲಿಸುವುದು. ಅದಕ್ಕೆ ಮುಂಚೆ ಐವತ್ತರ ಸುಮಾರು ವಚನಕಾರರ ಹೆಸರು ತಿಳಿದಿತ್ತು ಅನ್ನುತ್ತಾರೆ, ಹಳಕಟ್ಟಿಯವರ ಹುಡುಕಾಟದಿಂದ ಆ ಲೆಕ್ಕ ಇನ್ನೂರೈವತ್ತರ ಹತ್ತಿರ ಬಂತು. ಅಂಬಿಗರು, ಮಡಿವಾಳರು, ಮಾದಾರರು, ಸೂಳೆಯ ಕಸುಬು ಬಿಟ್ಟು ಬಂದ ಹೆಂಗಸರು, ಹೀಗೆ ಸಾಲಿಯ ಮೆಟ್ಟಿಲು ಹತ್ತದ ಕಸುಬಿನವರು 12ನೇ ಶತಮಾನದಲ್ಲಿ ಬರೆದಿದ್ದನ್ನು 20ನೇ ಶತಮಾನದ ಕನ್ನಡಿಗರು ಮೊದಲ ಸಲ ಅಚ್ಚಿನಲ್ಲಿ ಓದಿದರು. ಬಸವಣ್ಣನವರು ಹುಟ್ಟಿದ ಬಾಗೇವಾಡಿ ತಾಲ್ಲೂಕಿನಲ್ಲೇ ಆ ವಚನ ಓದಬಲ್ಲವರು ಎಷ್ಟು ಮಂದಿ ಇದ್ದರು ಅನ್ನೋ ಪ್ರಶ್ನೆ ಮಾತ್ರ ಅವರ ಬೆನ್ನು ಬಿಡಲಿಲ್ಲ. ಪುಸ್ತಕ ಮಾಡಿದರೂ ಅಕ್ಷರ ಬಲ್ಲವರು ಬೇಕಲ್ಲ.

ಅಚ್ಚು ಹಾಕಿಸುವುದೂ ಸಲೀಸಾಗಿರಲಿಲ್ಲ. ವಚನ ಶಾಸ್ತ್ರ ಸಾರದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಗೆ ಕಳಿಸಿದರೆ ಅದು ವಾಪಸ್ ಬಂತು. ಆಮೇಲೆ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ ಮೊದಲ ಭಾಗ 1923ರ ಹೊತ್ತಿಗೆ ಹೊರಬಂತು. ಒಂದು ಜಿಲ್ಲೆಗೆ ಕಾಲೇಜು ಇಲ್ಲದಿರುವುದು, ಒಂದು ಒಳ್ಳೆಯ ಅಚ್ಚುಕೂಟ ಇಲ್ಲದಿರುವುದು, ಎರಡೂ ಒಂದೇ ಜಾತಿಯ ಕೊರತೆ. ಹಳಕಟ್ಟಿ ಮನೆ ಮಾರಿದರು. ಬಂದ ದುಡ್ಡಿನಲ್ಲಿ ವಿಜಾಪುರದಲ್ಲೇ ಹಿತಚಿಂತಕ ಮುದ್ರಣಾಲಯ ಶುರು ಮಾಡಿದರು. 1926ರಲ್ಲಿ ಶಿವಾನುಭವ ಪತ್ರಿಕೆ, ಮರು ವರ್ಷ ನವಕರ್ನಾಟಕ ವಾರಪತ್ರಿಕೆ. ಶಿವಾನುಭವ ಮೂವತ್ತು ವರ್ಷಕ್ಕೂ ಹೆಚ್ಚು ನಡೆಯಿತು. ಸ್ವಂತ ಮನೆ ಇದ್ದ ಸರ್ಕಾರಿ ವಕೀಲರು ಬಾಡಿಗೆ ಮನೆಗೆ ಬಂದರು. ಪತ್ನಿ ಭಾಗೀರಥಿಯವರು ಆ ಸಂಸಾರವನ್ನು ಹೇಗೆ ತೂಗಿಸಿದರು ಅನ್ನೋದನ್ನು ಯಾರೂ ದೊಡ್ಡದಾಗಿ ಬರೆದಿಲ್ಲ. ಬರೆಯಬೇಕಿತ್ತು.

1926ರಲ್ಲೇ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಬಿ.ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ ಗೋಳಗುಮ್ಮಟ ತೋರಿಸಲು ಹೊರಟವರಿಗೆ, ಮೊದಲು ಹಳಕಟ್ಟಿಯವರನ್ನು ತೋರಿಸಿ, ಆಮೇಲೆ ಗುಮ್ಮಟ ಅಂದರು ಅನ್ನೋ ಕಥೆ ಜಿಲ್ಲೆಯಲ್ಲಿ ಈಗಲೂ ಓಡಾಡುತ್ತದೆ.

ಊರಿಂದ ಊರಿಗೆ ಬೇರೆ ಕಥೆ

1920ರ ದಶಕದ ಮೊದಲ ವರ್ಷಗಳಲ್ಲಿ ಹಳಕಟ್ಟಿಯವರು ಮುಂಬಯಿ ಶಾಸನ ಸಭೆಯ ಸದಸ್ಯರೂ ಆಗಿದ್ದರು. 1918ರ ಕಾಯ್ದೆಯಿಂದ ಮುಂಬಯಿ ಪ್ರಾಂತದ ನಗರಸಭೆಗಳಿಗೆ ತಮ್ಮ ಊರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಅಧಿಕಾರ ಬಂದಿತ್ತು. 1923ರ ಕಾಯ್ದೆ ಪ್ರಾಥಮಿಕ ಸಾಲಿಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಟ್ಟಿತು. ಕೇಳಲು ಚಂದ. ಆದರೆ ಸ್ಥಳೀಯ ಸಂಸ್ಥೆಯ ಹತ್ತಿರ ಕರ ಕಟ್ಟುವ ಜನರಿದ್ದರೆ ತಾನೇ ಸಾಲಿಗೆ ದುಡ್ಡು? ಬರ ಬಿದ್ದ ವರ್ಷ ಕಂದಾಯವೇ ಬಾಕಿ ಉಳಿಯುವ ತಾಲ್ಲೂಕಿನಲ್ಲಿ ಆ ಅಧಿಕಾರ ಕಾಗದದ ಮೇಲೆ ಉಳಿಯಿತು.

ಆ ಹೊತ್ತಿನಲ್ಲಿ ನಾಲ್ಕು ತಾಲ್ಲೂಕುಗಳಲ್ಲಿ ಓದಿನ ಹಂಬಲ ಇರಲಿಲ್ಲ ಅಂತಲ್ಲ. ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯನ್ನೇ ನೋಡಿ. ಮಧುರಚೆನ್ನರು ಕಾಲೇಜು ಕಂಡವರಲ್ಲ, ಇಂಗ್ಲಿಷನ್ನೂ ಸಂಸ್ಕೃತವನ್ನೂ ಹಳ್ಳಿಯಲ್ಲೇ ಕೂತು ಕಲಿತರು. ಸಿಂಪಿ ಲಿಂಗಣ್ಣ ಮತ್ತಿತರ ಗೆಳೆಯರ ಜೊತೆ ಹೆಣ್ಣುಮಕ್ಕಳ ಬೀಸುವ ಹಾಡು ಕೂಡಿಸಿ 1931ರಲ್ಲಿ ಗರತಿಯ ಹಾಡು ಪ್ರಕಟಿಸಿದರು, ಕನ್ನಡ ಜಾನಪದಕ್ಕೆ ಅದು ದೊಡ್ಡ ಬುನಾದಿ. ಇಂಥ ಒಬ್ಬಿಬ್ಬರು ಸಾಲಿ ಇಲ್ಲದೆಯೂ ಮೇಲೆ ಬಂದರು ಅಂತ ಹೇಳಿ ಸಾಲಿ ಬೇಕಿಲ್ಲ ಅನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಹಲಸಂಗಿಯಲ್ಲಿ ಅಷ್ಟು ಪ್ರತಿಭೆ ಇತ್ತು ಅಂದರೆ ಉಳಿದ ಹಳ್ಳಿಗಳಲ್ಲಿ ಎಷ್ಟು ಹೊಲದಲ್ಲೇ ಮುಗಿದು ಹೋಯಿತು ಅನ್ನೋ ಲೆಕ್ಕ ಯಾರ ಹತ್ತಿರವೂ ಇಲ್ಲ.

ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಗೆ 1927ರಲ್ಲಿ ಹರ್ಡೇಕರ್ ಮಂಜಪ್ಪನವರು ಬಂದು ವಿದ್ಯಾಲಯ ತೆರೆದರು. ಬನವಾಸಿಯಲ್ಲಿ ಹುಟ್ಟಿ, ಮುಲ್ಕಿ ಪಾಸಾಗಿ, ಮಾಸ್ತರಿಕೆ ಬಿಟ್ಟು ಗಾಂಧೀ ದಾರಿ ಹಿಡಿದವರು ಅವರು. ಹಳಕಟ್ಟಿಯವರದು ಜಿಲ್ಲಾ ಕೇಂದ್ರದಲ್ಲಿ ಗಟ್ಟಿ ಸಂಸ್ಥೆ ಕಟ್ಟಿ ಮಕ್ಕಳನ್ನು ಅಲ್ಲಿಗೆ ಕರೆಸುವ ದಾರಿ, ಮಂಜಪ್ಪನವರದು ಹೊಳೆ ದಂಡೆಗೇ ಸಾಲಿ ಒಯ್ಯುವ ದಾರಿ. ಮೊದಲನೆಯದು ಬೆಳೆದು ದೊಡ್ಡ ಮರವಾಯಿತು. ಎರಡನೆಯದು ಒಬ್ಬ ಮನುಷ್ಯನ ಉಸಿರಿನ ಮೇಲೆ ನಿಂತಿತ್ತು, 1947ರ ಜನವರಿಯಲ್ಲಿ ಮಂಜಪ್ಪನವರು ತೀರಿಕೊಂಡರು.

ದೊಡ್ಡ ಮರದ ನೆರಳೂ ಎಲ್ಲ ಕಡೆ ಒಂದೇ ಸಮ ಬೀಳಲಿಲ್ಲ. ಬಿ.ಎಲ್.ಡಿ.ಇ.ಯ ಈಗಿನ ಎಸ್.ಬಿ. ಕಲಾ ಮತ್ತು ಕೆ.ಸಿ.ಪಿ. ವಿಜ್ಞಾನ ಕಾಲೇಜಿನ ಮೂಲ 1945ರದು. ಸಂಸ್ಥೆ ಶುರುವಾದ 35 ವರ್ಷದ ಮೇಲೆ ವಿಜಾಪುರದ ಹುಡುಗ ಊರಲ್ಲೇ ಕಾಲೇಜು ಹತ್ತಿದ. ಇಂಡಿ ತಾಲ್ಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳು ಸಂಸ್ಥೆಯ ಅಧ್ಯಕ್ಷರಾಗಿ ಜೋಳಿಗೆ ಹಿಡಿದು ಅದನ್ನು ಬೆಳೆಸಿದರು. ಧಾರವಾಡಕ್ಕೂ ವಿಜಾಪುರಕ್ಕೂ ಇದ್ದ ಅಂತರ ಹೀಗೆ ಕಡಿಮೆಯಾಯಿತು. ವಿಜಾಪುರಕ್ಕೂ ಸಿಂದಗಿಗೂ ಇದ್ದ ಅರವತ್ತು ಕಿಲೋಮೀಟರಿನ ಅಂತರ ಹಾಗೇ ಉಳಿಯಿತು. ಮುದ್ದೇಬಿಹಾಳ ಇನ್ನೂ ದೂರ. ಗಂಡು ಹುಡುಗರನ್ನು ಖೋಲಿ ಮಾಡಿಕೊಟ್ಟು ಓದಲು ಬಿಟ್ಟ ಮನೆಗಳೂ ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. 2011ರ ಜನಗಣತಿಯಲ್ಲೂ ಅದರ ಗುರುತು ಕಾಣುತ್ತದೆ. ರಾಜ್ಯದ ಸಾಕ್ಷರತೆ ಶೇ 75ರಷ್ಟಿದ್ದರೆ ವಿಜಾಪುರ ಜಿಲ್ಲೆಯದು ಶೇ 67. ಜಿಲ್ಲೆಯ ಗಂಡಸರಲ್ಲಿ ಶೇ 77 ಮಂದಿ ಅಕ್ಷರಸ್ಥರು, ಹೆಂಗಸರಲ್ಲಿ ಶೇ 57ರ ಒಳಗೆ. ಅದೇ ವರ್ಷ ದಕ್ಷಿಣ ಕನ್ನಡ ಜಿಲ್ಲೆಯ ಸಾಕ್ಷರತೆ ಶೇ 88ಕ್ಕೂ ಮೇಲಿತ್ತು.

ಇನ್ನೊಂದು ಗೆರೆ ಹಳಕಟ್ಟಿಯವರ ಕಾಲದ ನಕಾಶೆಯಿಂದಲೇ ಬಂದಿದ್ದು. ಸಿಂದಗಿ, ಮುದ್ದೇಬಿಹಾಳದ ಪೂರ್ವಕ್ಕೆ ಆಗ ನಿಜಾಮನ ಸೀಮೆ, ಅಲ್ಲಿ ಕನ್ನಡ ಸಾಲಿಯ ಸ್ಥಿತಿ ಇಲ್ಲಿಗಿಂತ ಕಷ್ಟ. ಆ ಅನ್ಯಾಯಕ್ಕೆ ಪರಿಹಾರ ಅಂತ ಸಂವಿಧಾನಕ್ಕೆ 371(ಜೆ) ಸೇರಿತು, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಮಕ್ಕಳಿಗೆ ಸೀಟು, ನೌಕರಿಯಲ್ಲಿ ಮೀಸಲಾತಿ ಸಿಕ್ಕಿತು. ಸಿಗಬೇಕಾದದ್ದೇ. ಹಳೇ ಮುಂಬಯಿ ಸೀಮೆ ಅನ್ನೋ ಕಾರಣಕ್ಕೆ ಗಡಿಯ ಈಚೆಗಿರುವ ತಾಳಿಕೋಟೆ, ಆಲಮೇಲದ ಮಗುವಿಗೆ ಅದು ಇಲ್ಲ. ಒಂದೇ ಮಳೆ, ಒಂದೇ ಜೋಳ, ಒಂದೇ ಸಂತೆ, ಅರ್ಜಿಯ ಕಾಲಂ ಮಾತ್ರ ಬೇರೆ. ನಂಜುಂಡಪ್ಪ ವರದಿಯ ಮೇಲೆ 2007–08ರಿಂದ ಎಂಟು ವರ್ಷಕ್ಕೆ 31 ಸಾವಿರ ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ ಅಂತ ಘೋಷಣೆ ಆಯಿತು, ಕೇಂದ್ರೀಯ ವಿಶ್ವವಿದ್ಯಾಲಯ ಕಲಬುರಗಿ ಜಿಲ್ಲೆಗೆ ಬಂತು. ಈ ನಾಲ್ಕು ತಾಲ್ಲೂಕುಗಳ ಪಾಲಿಗೆ ಬಂದಿದ್ದು ಎಷ್ಟು ಅಂತ ಆಯಾ ಊರಿನ ಸಾಲಿ ಕೋಣೆಗಳನ್ನು ಎಣಿಸಿದರೆ ತಿಳಿಯುತ್ತದೆ.

ಕೊನೆಯ ವರ್ಷಗಳು

ಸ್ವಾತಂತ್ರ್ಯ ಬಂತು, 1956ರಲ್ಲಿ ಕರ್ನಾಟಕ ಒಂದಾಯಿತು. ಅದೇ ವರ್ಷ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹಳಕಟ್ಟಿಯವರಿಗೆ ಗೌರವ ಡಿ.ಲಿಟ್. ಕೊಟ್ಟಿತು. ಓದಲು ಮುಂಬಯಿಗೆ ಹೋಗಬೇಕಾಗಿದ್ದ ಹುಡುಗನಿಗೆ ಅವನು ಹುಟ್ಟಿದ ಊರಲ್ಲೇ ಎದ್ದ ವಿಶ್ವವಿದ್ಯಾಲಯ ಕರೆದು ಪದವಿ ಕೊಟ್ಟಿತು ಅನ್ನಬೇಕು, ಆಗ ವಯಸ್ಸು 76. ಆದರೂ ಪ್ರೂಫ್ ತಿದ್ದುವುದು, ಪತ್ರಿಕೆ ಕಟ್ಟಿ ಅಂಚೆಗೆ ಹಾಕುವುದು ನಿಲ್ಲಲಿಲ್ಲ. ಸರಳ ಉಡುಪು, ಹಳೆಯ ಕೋಟು. ಚಂದಾ ಬಾಕಿ ಉಳಿಸಿಕೊಂಡವರಿಗೂ ಪತ್ರಿಕೆ ಹೋಗುತ್ತಲೇ ಇತ್ತು.

1963ರಲ್ಲಿ ವಿಜಾಪುರಕ್ಕೆ ಸೈನಿಕ ಶಾಲೆ ಬಂತು. ರಾಜ್ಯದ ಮೂಲೆ ಮೂಲೆಯಿಂದ ಮಕ್ಕಳು ಓದಲು ಈ ಊರಿಗೆ ಬರತೊಡಗಿದರು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಬರದ ಜಿಲ್ಲೆಗೆ ನೀರು ಬರುತ್ತದೆ ಅನ್ನೋ ಮಾತು ಊರೂರಲ್ಲಿ ಹಬ್ಬಿತು. ಅದಾದ ಐದೇ ವಾರಕ್ಕೆ, ಜೂನ್ 29ರಂದು, ಹಳಕಟ್ಟಿ ತೀರಿಕೊಂಡರು. ಇನ್ನು ಮೂರು ದಿನ ಕಳೆದಿದ್ದರೆ 84 ತುಂಬುತ್ತಿತ್ತು.

ಅವರು ಕಟ್ಟಿದ ಸಂಸ್ಥೆ 1980ರಲ್ಲಿ ಎಂಜಿನಿಯರಿಂಗ್ ಕಾಲೇಜು, 1986ರಲ್ಲಿ ಮೆಡಿಕಲ್ ಕಾಲೇಜು ತೆರೆಯಿತು. ಎಂಜಿನಿಯರಿಂಗ್ ಕಾಲೇಜಿಗೆ ಅವರದೇ ಹೆಸರು. ಅವರ ಹೆಸರಿನ ಸಂಶೋಧನ ಕೇಂದ್ರವೂ ವಿಜಯಪುರದಲ್ಲಿದೆ, ಅವರ ಬರಹಗಳೆಲ್ಲ ಸಂಪುಟಗಳಾಗಿ ಬಂದಿವೆ. ಸಿಂದಗಿ, ಮುದ್ದೇಬಿಹಾಳದಿಂದ ಬೆಳಗಿನ ಬಸ್ಸು ಹತ್ತಿ ಬರುವ ಹುಡುಗ ಹುಡುಗಿಯರು ವಿಜಯಪುರದ ಕಾಲೇಜುಗಳ ಮುಂದೆ ಇಳಿದು, ಸಂಜೆ ಅದೇ ಬಸ್ಸಿಗೆ ಕಾಯುತ್ತ ನಿಲ್ಲುತ್ತಾರೆ.